ನರ ‘ಹಿಡಿದುಕೊಂಡಿತೋ’, ಕಟ್ಟಿಕೊಂಡಿತೋ? ಡಿವಿಟಿ ಮತ್ತು ಅಪಧಮನಿಯ ಸೆಳೆತ

[ತೆರೆಯ ಮೇಲೆ: ಎರಡು ಕಾಲುಗಳ ರೇಖಾಚಿತ್ರ. ಎಡಗಾಲು ಬಾತಿದೆ, ಬೆರಳುಗಳು ನೀಲಿ.]

‘ಬಾಣಂತಿ ಕಾಲು ಬಾತೈತಿ, ಬೆರಳು ತಣ್ಣಗಾಗ್ಯಾವ, ನರ ಹಿಡ್ಕೊಂಡೈತಿ.’ ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ಮನೆಗಳಲ್ಲಿ ಈ ಮಾತು ಕೇಳಿರುತ್ತೀರಿ. ನರ ಹಿಡಿದುಕೊಂಡಿದೆ ಅಂದರೆ ರಕ್ತನಾಳ ಸೆಟೆದುಕೊಂಡು ರಕ್ತ ನಿಂತಿದೆ ಅಂತ ಜನರ ಲೆಕ್ಕ. ಆದರೆ ಸ್ಕ್ಯಾನ್ ಮಾಡಿದ ವೈದ್ಯರು ‘ಡಿವಿಟಿ’ (ಡೀಪ್ ವೇನ್ ಥ್ರಾಂಬೋಸಿಸ್) ಅನ್ನುತ್ತಾರೆ. ಹೆಪ್ಪು ಕಟ್ಟಿರುವುದು ರಕ್ತವನ್ನು ಮೇಲಕ್ಕೆ ಒಯ್ಯುವ ನಾಳದಲ್ಲಿ. ಹಾಗಿದ್ದರೆ ಕೆಳಗೆ ರಕ್ತ ತರುವ ನಾಳ ಯಾಕೆ ಸೋಲುತ್ತದೆ? ಡಿವಿಟಿ ಆದಾಗ ಅಪಧಮನಿಗೂ ಸೆಳೆತ ಬರುತ್ತದೆಯೇ? ಇವತ್ತಿನ ಪ್ರಶ್ನೆ ಇದೇ.

ಮೊದಲ ಪಾಠ ಬೇಗ ಮುಗಿಸೋಣ. ಅಪಧಮನಿ ಹೃದಯದಿಂದ ರಕ್ತ ತರುತ್ತದೆ. ಅದರ ಗೋಡೆಯಲ್ಲಿ ದಪ್ಪ ಸ್ನಾಯು ಇದೆ, ಆ ಸ್ನಾಯು ಬಿಗಿದುಕೊಂಡರೆ ಸೆಳೆತ. ಅಭಿಧಮನಿ ರಕ್ತವನ್ನು ವಾಪಸ್ ಒಯ್ಯುತ್ತದೆ. ಅದರ ಗೋಡೆ ತೆಳು, ಒತ್ತಡ ಕಡಿಮೆ. ಮೀನಖಂಡ, ಮಂಡಿಯ ಹಿಂಭಾಗ, ತೊಡೆ, ಕಿಬ್ಬೊಟ್ಟೆಯ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಡಿವಿಟಿ. ರಕ್ತ ಹರಿಯದೆ ನಿಲ್ಲುವುದು, ನಾಳದ ಗೋಡೆಗೆ ಪೆಟ್ಟು ಬೀಳುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು: ಮೂರೂ ಕಾರಣಗಳು ಹೆರಿಗೆಯ ಸಮಯದಲ್ಲಿ, ಅದರಲ್ಲೂ ಸಿಸೇರಿಯನ್ ಆದವರಲ್ಲಿ, ಒಟ್ಟಿಗೇ ಕೂಡುತ್ತವೆ. ಹೆರಿಗೆಯಾದ ಮೊದಲ ಆರು ವಾರ ಅಪಾಯ ಹೆಚ್ಚು.

[ಹಳೆಯ ಶಸ್ತ್ರಚಿಕಿತ್ಸಾ ಕೊಠಡಿಯ ರೇಖಾಚಿತ್ರ]

ಯುರೋಪಿನ ಹಳೆಯ ವೈದ್ಯರೂ ಬಾಣಂತಿಯ ಬಿಳಿಚಿ ಊದಿದ ಕಾಲು ನೋಡಿ ತಪ್ಪು ಲೆಕ್ಕ ಹಾಕಿದ್ದರು. ಎದೆಯಲ್ಲಿ ಉಳಿದ ಹಾಲು ಕಾಲಿಗೆ ಇಳಿದಿದೆ ಅಂತ ತಿಳಿದು ‘ಹಾಲುಗಾಲು’ ಅನ್ನುತ್ತಿದ್ದರು. ಕಾಯಿಲೆಗೆ ಆ ಹೆಸರು ಇಂಗ್ಲಿಷಿನಲ್ಲಿ ಬಹಳ ಕಾಲ ಉಳಿಯಿತು. ಆಮೇಲೆ 1939-40ರ ಹೊತ್ತಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಶಸ್ತ್ರಚಿಕಿತ್ಸಕರಾದ ಆಲ್ಟನ್ ಆಕ್ಸ್‌ನರ್ ಮತ್ತು ಮೈಕೆಲ್ ಡಿಬೇಕಿ ಇನ್ನೊಂದು ವಾದ ಮುಂದಿಟ್ಟರು. ಕೆರಳಿದ ಅಭಿಧಮನಿಯಿಂದ ನರಮಂಡಲಕ್ಕೆ ಸಂಕೇತ ಹೋಗಿ ಅಪಧಮನಿ ಬಿಗಿಯುತ್ತದೆ, ನೋವಿಗೂ ಬಾವಿಗೂ ಆ ಸೆಳೆತವೇ ಮೂಲ ಎಂಬುದು ಅವರ ವಾದ. ಸೊಂಟದ ಬಳಿ ಬೆನ್ನುಮೂಳೆಯ ಪಕ್ಕದ ನರಗುಚ್ಛಕ್ಕೆ ಪ್ರೊಕೇನ್ ಚುಚ್ಚಿ ಅದನ್ನು ಮರಗಟ್ಟಿಸಿದರು. ರೋಗಿಗಳ ನೋವು ಇಳಿಯಿತು. ನೋವು ಇಳಿದದ್ದು ನಿಜ. ಆದರೆ ಅದರಿಂದ ಸೆಳೆತವೇ ಮೂಲ ಅಂತ ಸಾಬೀತಾಯಿತೇ?

ಇದಕ್ಕೆ ಉತ್ತರ ಭದ್ರಾ ಅಚ್ಚುಕಟ್ಟಿನ ಗದ್ದೆಯಲ್ಲಿದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

[ಗದ್ದೆಯ ಅಡ್ಡಸೀಳಿಕೆ ಚಿತ್ರ: ಒಂದು ಕಡೆ ಕಾಲುವೆ ಮತ್ತು ತೂಬು, ಇನ್ನೊಂದು ಕಡೆ ಬಸಿಗಾಲುವೆ]

ಕಾಲುವೆಯಿಂದ ತೂಬಿನ ಮೂಲಕ ಗದ್ದೆಗೆ ನೀರು ಬರುತ್ತದೆ. ಹೆಚ್ಚಾದದ್ದು ಬಸಿಗಾಲುವೆಯಲ್ಲಿ ಇಳಿದು ಹೋಗುತ್ತದೆ. ತೂಬು ಅಪಧಮನಿ, ಗದ್ದೆಯ ಮಡಿಗಳು ಕೂದಲೆಳೆಯಂಥ ಲೋಮನಾಳಗಳು, ಬಸಿಗಾಲುವೆ ಅಭಿಧಮನಿ. ಗದ್ದೆಗೆ ಹೊಸ ನೀರು ಬರುತ್ತಿಲ್ಲ ಅಂದರೆ ನಾವು ಮೊದಲು ಓಡುವುದು ತೂಬಿನ ಹತ್ತಿರ. ಯಾರೋ ಮುಚ್ಚಿದ್ದಾರೆ ಅನ್ನುತ್ತೇವೆ. ಆದರೆ ಬಸಿಗಾಲುವೆಯೇ ಹೂಳು, ಜೊಂಡು ತುಂಬಿ ಕಟ್ಟಿಕೊಂಡಿದ್ದರೆ? ಗದ್ದೆಯಲ್ಲಿ ನೀರು ಏರುತ್ತಾ ಏರುತ್ತಾ ಕಾಲುವೆಯ ಮಟ್ಟ ಮುಟ್ಟುತ್ತದೆ. ಆಗ ತೂಬು ಪೂರ್ತಿ ತೆರೆದಿದ್ದರೂ ಒಂದು ಹನಿ ಒಳಗೆ ಬರುವುದಿಲ್ಲ. ನೀರು ಹರಿಯಲು ಮಟ್ಟದ ವ್ಯತ್ಯಾಸ ಬೇಕು.

ಕಾಲಿನಲ್ಲೂ ಹಾಗೇ. ಮಲಗಿದಾಗ ಅಪಧಮನಿಯ ಸರಾಸರಿ ಒತ್ತಡ ಸುಮಾರು 93 ಮಿ.ಮೀ. ಪಾದರಸ, ಅಭಿಧಮನಿಯದು ಹತ್ತರ ಆಸುಪಾಸು. ಈ ಎಂಬತ್ತು ಚಿಲ್ಲರೆ ವ್ಯತ್ಯಾಸದಿಂದಲೇ ರಕ್ತ ಹರಿಯುತ್ತದೆ. ತೊಡೆಯಿಂದ ಕಿಬ್ಬೊಟ್ಟೆಯವರೆಗೆ ಹೆಪ್ಪು ತುಂಬಿ, ಪಕ್ಕದ ಸಣ್ಣ ದಾರಿಗಳೂ ಮುಚ್ಚಿದರೆ ಅಭಿಧಮನಿಯ ಒತ್ತಡ ಹಲವು ಪಟ್ಟು ಏರುತ್ತದೆ. ಲೋಮನಾಳಗಳಿಂದ ನೀರಿನಂಶ ಹೊರಗೆ ಸೋರಿ ಕಾಲು ಊದುತ್ತದೆ. ಒಂದೇ ಕಾಲಿನಲ್ಲಿ 3ರಿಂದ 5 ಲೀಟರ್ ನಿಲ್ಲಬಹುದು. ಮೀನಖಂಡದ ಸ್ನಾಯುಗಳನ್ನು ಹಿಗ್ಗದ ಗಟ್ಟಿ ಪೊರೆ ಸುತ್ತಿದೆ. ಎತ್ತರದ ಬದು ಇರುವ ಗದ್ದೆಯಂತೆ ಅದರೊಳಗೆ ಒತ್ತಡ ಏರುತ್ತಾ ಹೋಗಿ ಸಣ್ಣ ಅಪಧಮನಿಗಳು ಹೊರಗಿನ ಅದುಮಿಕೆಯಿಂದಲೇ ಮುಚ್ಚಿಹೋಗುತ್ತವೆ. ಇಲ್ಲಿ ಅಪಧಮನಿಯ ಗೋಡೆಯ ಸ್ನಾಯು ಬಿಗಿದಿಲ್ಲ, ಅಪಧಮನಿಯೇ ಹಿಚುಕಲ್ಪಟ್ಟಿದೆ.

ಹಾಗಂತ ಸೆಳೆತದ ವಾದ ಪೂರ್ತಿ ಸುಳ್ಳಲ್ಲ. ನನಗೆ ತುಂಬ ಹಿಡಿಸಿದ ಸಂಗತಿಯೂ ಇದೇ. ನಮ್ಮ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಕೆಳಗಿನ ಗದ್ದೆ ತುಂಬಿದೆ ಅಂತ ಕಂಡರೆ ತೂಬನ್ನು ಅರ್ಧ ಇಳಿಸುತ್ತಿದ್ದ. ದೇಹದಲ್ಲೂ ಅಂಥ ನೀರುಗಂಟಿ ಇದ್ದಾನೆ. ಅಭಿಧಮನಿಯ ಒತ್ತಡ ಸುಮಾರು 25 ಮಿ.ಮೀ.ಗಿಂತ ಹೆಚ್ಚು ಏರಿದರೆ ಅದೇ ಜಾಗದ ಸಣ್ಣ ಅಪಧಮನಿಗಳು ತಾವಾಗಿ ಬಿಗಿಯುತ್ತವೆ, ಚರ್ಮದ ಕೆಳಗಿನ ರಕ್ತದ ಹರಿವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ನಾವು ಎದ್ದು ನಿಂತಾಗಲೆಲ್ಲ ಇದು ನಡೆಯುತ್ತದೆ. ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಎಲ್ಲರ ಪಾದವೂ ಊದಿರುತ್ತಿತ್ತು. ಡಿವಿಟಿಯಲ್ಲೂ ನೀರುಗಂಟಿ ತೂಬನ್ನು ಸ್ವಲ್ಪ ಇಳಿಸಬಹುದು. ಆದರೆ ಬಸಿಗಾಲುವೆ ಕಟ್ಟಿದ್ದು ಅವನಲ್ಲ. ಪ್ರೊಕೇನ್ ಕೊಟ್ಟಾಗ ಅಪಧಮನಿಗಳು ಸಡಿಲವಾದವು, ನೋವಿನ ಸಂಕೇತವೂ ತಗ್ಗಿತು. ಹೂಳು ಮಾತ್ರ ಇದ್ದಲ್ಲೇ ಇತ್ತು.

ಆದ್ದರಿಂದ ನೇರ ಉತ್ತರ ಇದು: ಸಾಮಾನ್ಯ ಡಿವಿಟಿಯಲ್ಲಿ ಅಪಧಮನಿ ಕಾಲನ್ನು ಕೈಬಿಡುವುದಿಲ್ಲ. ಹೆಪ್ಪು ದೊಡ್ಡದಾಗಿ ಮುಖ್ಯ ದಾರಿಗಳು ಮುಚ್ಚಿದಾಗ ಕಾಲು ಮೊದಲು ಬಿಳಿಚಿ ಊದುತ್ತದೆ, ಆಗಲೂ ಪಾದದ ನಾಡಿ ಇರುತ್ತದೆ. ಪಕ್ಕದ ದಾರಿಗಳೂ ಮುಚ್ಚಿದರೆ ಕಾಲು ನೀಲಿಯಾಗಿ, ಬಿಗಿದು, ನಾಡಿ ಕಳೆದುಕೊಳ್ಳುತ್ತದೆ. ನೀಲಿ ಹಂತ ತುರ್ತು ಪರಿಸ್ಥಿತಿ. ಕಾಲೂ ಹೋಗಬಹುದು, ಜೀವವೂ ಹೋಗಬಹುದು.

[ಎರಡು ಕಾಲುಗಳು ಅಕ್ಕಪಕ್ಕ]

ನೋಡಿ ಗುರುತಿಸುವುದು ಹೇಗೆ? ಅಪಧಮನಿ ಮುಚ್ಚಿದ ಕಾಲು ಊದುವುದಿಲ್ಲ. ತೆಳ್ಳಗೆ, ಬಿಳಿಚಿ, ತಣ್ಣಗಿರುತ್ತದೆ. ಚರ್ಮದ ಮೇಲಿನ ನಾಳಗಳು ಬತ್ತಿದ ಹಳ್ಳದಂತೆ ಕುಸಿದಿರುತ್ತವೆ. ಕಾಲು ಎತ್ತಿದರೆ ನೋವು ಹೆಚ್ಚು, ಮಂಚದಿಂದ ಇಳಿಬಿಟ್ಟರೆ ಕಡಿಮೆ. ಅಭಿಧಮನಿ ಮುಚ್ಚಿದ ಕಾಲು ಭಾರ, ಚರ್ಮ ಬಿಗಿ, ಮೇಲಿನ ನಾಳಗಳು ಉಬ್ಬಿರುತ್ತವೆ. ಇಳಿಬಿಟ್ಟರೆ ನೋವು ಹೆಚ್ಚು, ಎತ್ತಿದರೆ ಕಡಿಮೆ. ಒಂದು ಎಚ್ಚರಿಕೆ: ಬಾವು ದಪ್ಪವಾಗಿದ್ದಾಗ ಪಾದದ ನಾಡಿ ಇದ್ದರೂ ಬೆರಳಿಗೆ ಸಿಗುವುದಿಲ್ಲ. ಸಿಗಲಿಲ್ಲ ಅಂತ ಸೆಳೆತ ಎಂದು ತೀರ್ಮಾನಿಸದೆ ರಕ್ತದ ಹರಿವಿನ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಸಾಧನ ಇಟ್ಟು ಕೇಳಬೇಕು. ಅಲ್ಟ್ರಾಸೌಂಡ್‌ನಲ್ಲಿ ಪ್ರೋಬ್ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ್ದು ಆಗುವುದಿಲ್ಲ. ಇಡೀ ಪರೀಕ್ಷೆಯ ಜೀವಾಳ ಅದೇ ಒತ್ತುವಿಕೆ.

ತಪ್ಪು ಗುರುತಿನ ಬೆಲೆ ದೊಡ್ಡದು. ಸೆಳೆತ ಅಂದುಕೊಂಡು ನಾಳ ಸಡಿಲಿಸುವ ನಿಫೆಡಿಪಿನ್‌ನಂಥ ಮಾತ್ರೆ ಕೊಟ್ಟರೆ, ಮೂರು ಲೀಟರ್ ನೀರಿನಂಶವನ್ನು ಕಾಲಿಗೆ ಕಳೆದುಕೊಂಡ ರೋಗಿಯ ರಕ್ತದೊತ್ತಡ ಇನ್ನೂ ಕುಸಿಯುತ್ತದೆ. ತೂಬಿನ ಹಿಂದಿನ ಕಾಲುವೆಯೇ ಬತ್ತಿದಂತೆ. ಇನ್ನು ಎಣ್ಣೆ ಹಚ್ಚಿ ನೀವುವುದು: ಬಾಣಂತಿಗೆ ಎರೆಯುವ ಹಿರಿಯರ ಕಾಳಜಿ ದೊಡ್ಡದು, ಆದರೆ ಒಂದೇ ಕಾಲು ಬಾತಿದ್ದರೆ ದಯವಿಟ್ಟು ಆ ಕಾಲನ್ನು ತಿಕ್ಕಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಸರಿಯಾದ ಚಿಕಿತ್ಸೆ ಬಸಿಗಾಲುವೆಯ ಕಡೆಯಿಂದ ಶುರುವಾಗುತ್ತದೆ. ಕಾಲನ್ನು ಹೃದಯಕ್ಕಿಂತ ಎತ್ತರದಲ್ಲಿಡಬೇಕು, ರಕ್ತನಾಳಕ್ಕೆ ದ್ರವ ಕೊಡಬೇಕು, ಹೆಪಾರಿನ್ ಆರಂಭಿಸಬೇಕು. ವೈದ್ಯರು ಸಾಮಾನ್ಯವಾಗಿ ದೇಹತೂಕದ ಕಿಲೋಗೆ 80 ಯೂನಿಟ್ ಒಮ್ಮೆಗೇ ಕೊಟ್ಟು, ನಂತರ ಗಂಟೆಗೆ ಕಿಲೋಗೆ 18 ಯೂನಿಟ್‌ನಂತೆ ಹನಿಸುತ್ತಾರೆ. ಹೆಪಾರಿನ್ ಇರುವ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕಾಲು ನೀಲಿಯಾಗಿದ್ದರೆ ಕೆಥೀಟರ್‌ನಿಂದ (ನಾಳದೊಳಗೆ ತೂರಿಸುವ ತೆಳು ಕೊಳವೆ) ಹೆಪ್ಪು ಕರಗಿಸುವ ಅಥವಾ ಹೊರತೆಗೆಯುವ ವ್ಯವಸ್ಥೆ ಇರುವಲ್ಲಿಗೆ ಒಯ್ಯಬೇಕು. ಹೆರಿಗೆ ಅಥವಾ ಆಪರೇಷನ್ ಈಗಷ್ಟೇ ಆಗಿದ್ದರೆ ಕರಗಿಸುವ ಔಷಧಿಯಿಂದ ರಕ್ತಸ್ರಾವದ ಭಯ ಇರುವುದರಿಂದ ಆ ನಿರ್ಧಾರ ತಜ್ಞರದು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ರಕ್ತ ಸಿಗದ ಸ್ನಾಯು ಸುಮಾರು ಆರು ಗಂಟೆಯೊಳಗೆ ಶಾಶ್ವತವಾಗಿ ಕೆಡಲು ಶುರುವಾಗುತ್ತದೆ. ಕಳಿಸಲೇಬೇಕಾದರೆ ಹೆಪಾರಿನ್ ಇಲ್ಲೇ ಆರಂಭಿಸಿ, ದಿಂಬಿನ ಮೇಲೆ ಕಾಲಿಟ್ಟು ಆಂಬುಲೆನ್ಸ್ ಹೊರಡಬೇಕು. ಹೋಗಿ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಡಿವಿಟಿ ಎಡಗಾಲಿಗೇ ಯಾಕೆ ಹೆಚ್ಚು? ಕಿಬ್ಬೊಟ್ಟೆಯಲ್ಲಿ ಬಲಗಾಲಿಗೆ ಹೋಗುವ ಅಪಧಮನಿ ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಹಾದು ಅದನ್ನು ಬೆನ್ನುಮೂಳೆಗೆ ಒತ್ತುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು ಇದನ್ನು ವಿವರಿಸಿದರು, ಬಸಿರಿನಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಡಿವಿಟಿ ಮತ್ತು ಅಪಧಮನಿ ನಿಜವಾಗಿ ಕೂಡುವ ದಾರಿಗಳೂ ಇವೆ. ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿನ ಸಣ್ಣ ಕಿಂಡಿ ಉಳಿದಿರುತ್ತದೆ, ಕಾಲಿನ ಹೆಪ್ಪು ಅದರ ಮೂಲಕ ದಾಟಿ ಅಪಧಮನಿಗೆ ಹೋಗಬಹುದು. ಬೀಡಿ, ಸಿಗರೇಟು ಸೇದುವವರಿಗೆ ಬರುವ ಬರ್ಗರ್ ಕಾಯಿಲೆಯಲ್ಲಿ ಸಣ್ಣ ಅಪಧಮನಿಗಳ ಜೊತೆ ಚರ್ಮದ ಹತ್ತಿರದ ಅಭಿಧಮನಿಗಳೂ ಉರಿಯೂತಕ್ಕೆ ಸಿಗುತ್ತವೆ. ಬೀಡಿ ಬಿಡದೆ ಅದಕ್ಕೆ ಮದ್ದಿಲ್ಲ. ಅಪ್ಪಟ ಸೆಳೆತ ಕಾಣುವುದು ಬೇರೆ ಕಡೆ: ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡುವಾಗ, ಚಳಿಗೆ ಬೆರಳು ಬಿಳಿಚುವ ರೇನಾಡ್ ತೊಂದರೆಯಲ್ಲಿ, ಅರೆತಲೆನೋವಿನ ಎರ್ಗೊಟಮಿನ್ ಮಾತ್ರೆ ಮಿತಿ ಮೀರಿದಾಗ.

ಕೊನೆಯದು ಚಿಕಿತ್ಸೆಯಲ್ಲಿರುವವರಿಗೆ. ಹೆಪಾರಿನ್ ಶುರುವಾದ 5ರಿಂದ 10ನೇ ದಿನದ ನಡುವೆ ಕಾಲು ಮತ್ತೆ ಕೆಟ್ಟರೆ ‘ಸೆಳೆತ ಇರಬಹುದು’ ಅಂತ ಬಿಡಬಾರದು. ಆ ದಿನವೇ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಣಿಸಬೇಕು. ಸಂಖ್ಯೆ ಮೊದಲಿಗಿಂತ ಅರ್ಧಕ್ಕೆ ಇಳಿದಿದ್ದರೆ ಹೆಪಾರಿನ್ನೇ ಹೊಸ ಹೆಪ್ಪುಗಳನ್ನು ಕಟ್ಟಿಸುತ್ತಿರುವ ಅನುಮಾನ ಬಲವಾಗುತ್ತದೆ. ಆಗ ಹೆಪಾರಿನ್ ತಕ್ಷಣ ನಿಲ್ಲಿಸಿ ಬೇರೆ ಔಷಧಿಗೆ ಹೋಗಬೇಕು. ಪ್ಲೇಟ್‌ಲೆಟ್ ಮೇಲೇಳುವ ಮುನ್ನ ಹೆಪ್ಪು ತಡೆಯುವ ಇನ್ನೊಂದು ಔಷಧಿ ವಾರ್ಫರಿನ್ ಕೊಡಬಾರದು, ಕೊಟ್ಟರೆ ಉಳಿದಿದ್ದ ಬೆರಳುಗಳೂ ಕಪ್ಪಾಗಬಹುದು.