ಕೊಡಗಿನ ತಿರುವುಗಳಿಗೆ ಕ್ರೂಸರ್ ಬೈಕು ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನೀವೀಗ ನೋಡುತ್ತಿರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆ. ನಾನು ಓಡಿಸುತ್ತಿರುವುದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಎಂಬ ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವ ಬೈಕು. 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಬೈಕನ್ನು ಹೆದ್ದಾರಿಯ ಲೆಕ್ಕದಲ್ಲಿ ಅಳೆದವರು ಬಹಳ ಮಂದಿ. ನೇರವಾದ ರಸ್ತೆಯೇ ಅಪರೂಪವಾಗಿರುವ ನಮ್ಮ ಜಿಲ್ಲೆಯಲ್ಲಿ ಇದರ ಸೌಕರ್ಯಗಳು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತವೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

349 ಸಿಸಿಯ ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 72 ಮಿ.ಮೀ. ಇದ್ದರೆ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 85.8 ಮಿ.ಮೀ. ಇದೆ. ಪಿಸ್ಟನ್ನಿನ ಓಡಾಟ ಹೀಗೆ ಉದ್ದವಾಗಿರುವುದರಿಂದ ಎಂಜಿನ್ ಅರಚಿಕೊಳ್ಳದೆಯೇ ಎಳೆಯುವ ಬಲ ಸಿಗುತ್ತದೆ. ಈ ಬಲದ, ಅಂದರೆ ಟಾರ್ಕಿನ, ಗರಿಷ್ಠ ಮಟ್ಟವಾದ 27 ನ್ಯೂಟನ್ ಮೀಟರ್ ದೊರೆಯುವುದು ಎಂಜಿನ್ ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ತಿರುಗುವಾಗ. ಏರಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು, ಅದಕ್ಕೆ ದಾರಿ ಬಿಟ್ಟು, ನಿಂತೇಬಿಟ್ಟಂತೆ ನಿಧಾನವಾದ ಮೇಲೂ ಎರಡನೇ ಗೇರಿನಲ್ಲಿ ಬೈಕು ತಡವರಿಸದೆ ಮೇಲೇರುತ್ತದೆ. ಆದರೆ 20.2 ಬಿಎಚ್‌ಪಿ ದೊಡ್ಡ ಶಕ್ತಿಯೇನಲ್ಲ. ಸಂಪಾಜೆ ಘಾಟಿ ಹತ್ತುವಾಗ ಮುಂದೆ ಲಾರಿ ಇದ್ದರೆ, ಹಿಂದಿಕ್ಕುವ ಆಸೆಯನ್ನು ಬದಿಗಿಟ್ಟು ಕಾಯುವುದೇ ಲೇಸು.

ನನ್ನ ಮಟ್ಟಿಗೆ ಈ ಬೈಕಿನ ನಿಜವಾದ ಸುಖವಿರುವುದು ಸೀಟಿನ ಎತ್ತರದಲ್ಲಿ. ಇದೇ ಕಂಪನಿಯ ಕ್ಲಾಸಿಕ್ 350 ಬೈಕಿನ ಸೀಟು ನೆಲದಿಂದ 805 ಮಿ.ಮೀ. ಮೇಲಿದ್ದರೆ ಇದರದ್ದು ಕೇವಲ 765 ಮಿ.ಮೀ. ಮಳೆಗಾಲದಲ್ಲಿ ಪಾಚಿ ಹಿಡಿದ ಡಾಂಬರಿನ ಮೇಲೆ ನಿಲ್ಲಿಸಬೇಕಾದಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗುವುದು ಎಂಥ ಧೈರ್ಯ ಕೊಡುತ್ತದೆ ಎಂಬುದು ಇಲ್ಲಿ ಓಡಿಸಿದವರಿಗೆ ಗೊತ್ತು. ಹಾಗೆಂದು 191 ಕಿಲೋ ತೂಕವನ್ನು ಮರೆಯುವಂತಿಲ್ಲ. ಮಡಿಕೇರಿಯ ಇಳಿಜಾರಿನ ಓಣಿಗಳಲ್ಲಿ ಮುಂದಿನ ಚಕ್ರವನ್ನು ಇಳಿಜಾರಿನ ಕಡೆಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ ಮತ್ತೆ ಹಿಂದಕ್ಕೆ ದೂಡಲು ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

ಕಾಲನ್ನು ಮುಂದಕ್ಕೆ ಚಾಚಿ ಕುಳಿತುಕೊಳ್ಳುವ ಕ್ರೂಸರ್ ಭಂಗಿ ನೋಡಲು ಆರಾಮವೆನಿಸುತ್ತದೆ. ಆನೆಕಾಡಿನ ನಡುವಿನ ರಸ್ತೆಯಲ್ಲಿ ಅದು ಆರಾಮವೇ ಹೌದು. ಗುಂಡಿ ಬಿದ್ದ ರಸ್ತೆಯಲ್ಲಿ ಕಥೆ ಬೇರೆ. ಪಾದಗಳು ದೇಹಕ್ಕಿಂತ ಮುಂದಿರುವುದರಿಂದ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಮೇಲೇಳಲು ಆಗುವುದಿಲ್ಲ, ಹಾಗಾಗಿ ಹಿಂದಿನ ಚಕ್ರ ಗುಂಡಿಗಿಳಿದ ಪೆಟ್ಟು ನೇರವಾಗಿ ಸೊಂಟಕ್ಕೇ ಬರುತ್ತದೆ. ಇದು ಈ ಬೈಕೊಂದರ ದೋಷವಲ್ಲ, ಕ್ರೂಸರ್ ಎಂಬ ಜಾತಿಯ ಗುಣ. ಹಿಂದಿನ ಶಾಕ್ ಅಬ್ಸಾರ್ಬರುಗಳ ಬಿಗಿತವನ್ನು ಆರು ಹಂತಗಳಲ್ಲಿ ಬದಲಾಯಿಸಬಹುದು: ಒಬ್ಬರೇ ಹೋಗುವಾಗ ಸಡಿಲ, ಹಿಂದೆ ಅಮ್ಮ ಕುಳಿತಾಗ ಎರಡು ಹಂತ ಬಿಗಿ, ಇದು ನನಗೆ ಸರಿಹೊಂದಿದ ಕ್ರಮ. ಅಂದ ಹಾಗೆ, ಹಿಂಬದಿ ಸವಾರರಿಗೆ ಬೆನ್ನೊರಗು ಬೇಕಿದ್ದರೆ ಮೀಟಿಯರಿನದೇ ಸ್ಟೆಲ್ಲರ್ ಮಾದರಿಯನ್ನು ನೋಡಿ. ಅಮ್ಮನ ಪ್ರಕಾರ ಇಡೀ ಬೈಕಿನಲ್ಲಿ ಹಣ ಕೊಡಲು ಯೋಗ್ಯವಾದ ಭಾಗ ಅದೊಂದೇ.

ಗೇರ್ ಪೆಡಲಿಗೆ ಮುಂದೆ ಬೆರಳಿಗೊಂದು, ಹಿಂದೆ ಹಿಮ್ಮಡಿಗೊಂದು ತುದಿಯಿದೆ. ತೋಟದಿಂದ ಗಂಬೂಟ್ ಹಾಕಿಕೊಂಡೇ ಹೊರಡುವ ನಮ್ಮಂಥವರಿಗೆ ಇದು ಬಹಳ ಅನುಕೂಲ; ದಪ್ಪ ರಬ್ಬರಿನ ಮೂತಿಯನ್ನು ಪೆಡಲಿನ ಕೆಳಗೆ ತೂರಿಸುವ ಸರ್ಕಸ್ಸಿಲ್ಲದೆ, ಹಿಮ್ಮಡಿಯಿಂದ ಒತ್ತಿದರೆ ಗೇರ್ ಮೇಲೇರುತ್ತದೆ.

ದಾರಿ ತೋರಿಸುವ ಟ್ರಿಪ್ಪರ್ ಎಂಬ ಸಣ್ಣ ಗುಂಡು ಪರದೆ ಬ್ಲೂಟೂತ್ ಮೂಲಕ ಮೊಬೈಲಿನ ಆ್ಯಪ್ ಅನ್ನೇ ನಂಬಿಕೊಂಡಿರುವುದರಿಂದ, ಸಿಗ್ನಲ್ ಕೈಕೊಡುವ ಕಡೆಗಳಿಗೆ ಹೋಗುವ ಮೊದಲೇ ದಾರಿಯನ್ನು ಹಾಕಿಟ್ಟುಕೊಳ್ಳಿ. ಅಲಾಯ್ ಚಕ್ರಗಳಿಗೆ ಟ್ಯೂಬ್‌ಲೆಸ್ ಟೈರುಗಳಿವೆ. ಭಾಗಮಂಡಲ ದಾಟಿ ತಲಕಾವೇರಿಯ ಏರು ಹಿಡಿದ ಮೇಲೆ ಪಂಕ್ಚರ್ ಅಂಗಡಿಯನ್ನು ನಂಬಿಕೊಳ್ಳುವಂತಿಲ್ಲವಾದ್ದರಿಂದ, ಸೀಟಿನ ಹಿಂದೆ ಕಟ್ಟಿರುವ ಈ ಚೀಲದಲ್ಲಿ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪು ಸದಾ ಇರುತ್ತವೆ.