ಮೊದಲ ರೈಫಲ್ ಚಿಕ್ಕದಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಆಯುಧ ಪೂಜೆಯ ಕೊಡವ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತು. ಸೆಪ್ಟೆಂಬರ್ 3ಕ್ಕೆ ಕೊಡಗಿನ ಮನೆಮನೆಯಲ್ಲಿ ಕೋವಿ ಒರೆಸಿ, ಎಣ್ಣೆ ಹಚ್ಚಿ, ನಳಿಕೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಪೂಜೆ, ಊಟ ಎಲ್ಲ ಮುಗಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯುವುದು. ಈ ದಿನಗಳಲ್ಲೇ ನನಗೆ ಫೋನ್ ಜಾಸ್ತಿ. ಎಲ್ಲರದ್ದೂ ಒಂದೇ ಪ್ರಶ್ನೆ. "ಮಗನಿಗೆ ಒಂದು ರೈಫಲ್ ತೆಗೆಯಬೇಕು ಸಾರ್. ಮನೆ ಕಾಯೋಕೂ ಆಗಬೇಕು, ಗುರಿ ಹೊಡೆಯೋಕೂ ಆಗಬೇಕು. ಯಾವುದು ತೆಗೆಯೋಣ?"

ಉತ್ತರ ಈಗಲೇ ಹೇಳಿಬಿಡುತ್ತೇನೆ. ಅರ್ಧದಲ್ಲಿ ಕರೆಂಟ್ ಹೋದರೂ ಇದೊಂದು ಮಾತು ನಿಮ್ಮ ಕಿವಿಯಲ್ಲಿ ಉಳಿಯಲಿ. ಮೊದಲ ರೈಫಲ್ ಚಿಕ್ಕದಿರಲಿ. .22 ಬೋರ್ ಸಾಕು. ಬೋರ್ ಅಂದರೆ ನಳಿಕೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ. ಲೈಸೆನ್ಸ್ ಇಲ್ಲದವರು .177 ಏರ್ ರೈಫಲ್‌ನಿಂದ ಶುರು ಮಾಡಿ. ದೊಡ್ಡದು ಬೇಕೆಂದರೆ ಆಮೇಲೆ ನೋಡೋಣ.

ಇಷ್ಟು ಹೇಳಿದರೆ ಆ ಕಡೆ ಮೌನ. ನಂತರ ಸಣ್ಣ ದನಿಯಲ್ಲಿ, "ಅಲ್ಲ ಸಾರ್, .315 ಒಂದು ಕಡಿಮೆ ಬೆಲೆಗೆ ಸಿಗ್ತಾ ಇದೆ..." ಅಂತ ಬರುತ್ತದೆ. ನನಗೆ ಬೇಜಾರಾಗುವುದು ಅಲ್ಲೇ.

.315 ಕೆಟ್ಟ ರೈಫಲ್ ಅಂತ ನಾನು ಹೇಳುತ್ತಿಲ್ಲ. ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾದ ಗಟ್ಟಿ ಮಾಲು. ಬ್ರಿಟಿಷ್ ಸೈನ್ಯದ ಹಳೆ ಲೀ ಎನ್‌ಫೀಲ್ಡ್ ರೈಫಲಿನ ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಭಾಗ, ಅದರದೇ ಸಂತತಿ. ನಮ್ಮ ದೇಶದಲ್ಲಿ ಮಿಲಿಟರಿ ತೋಟೆಯ ರೈಫಲ್ ಸಾಮಾನ್ಯ ಜನರಿಗೆ ಸಿಗುವುದಿಲ್ಲ. .303 ನಿಷೇಧಿತ ಬೋರ್. ಹಾಗಾಗಿ ದೊಡ್ಡ ರೈಫಲ್ ಅಂದರೆ ಊರಲ್ಲಿ ಎಲ್ಲರ ಬಾಯಲ್ಲೂ .315. ಆದರೆ ಅದರ ಗುಂಡು ಹತ್ತಿರ ಹತ್ತಿರ 16 ಗ್ರಾಂ ತೂಗುತ್ತದೆ. .22ರ ಗುಂಡು ಬರೀ 2.6 ಗ್ರಾಂ. ನಳಿಕೆ ಬಿಡುವಾಗ ಎರಡರ ಶಕ್ತಿಗೂ ಸುಮಾರು ಇಪ್ಪತ್ತು ಪಟ್ಟು ವ್ಯತ್ಯಾಸ. ಅಷ್ಟು ಶಕ್ತಿ ಮುಂದಕ್ಕೆ ಹೋಗಬೇಕಾದರೆ ಹಿಂದಕ್ಕೂ ಒದೆಯಲೇಬೇಕು. ಆ ಒದೆತ ಬೀಳುವುದು ಕಲಿಯುವವನ ಭುಜಕ್ಕೆ.

ಇದಕ್ಕೆ ಒಬ್ಬ ಹುಡುಗನ ಕಥೆ ಹೇಳಬೇಕು. ಸೈನ್ಯದಲ್ಲಿ ಹೊಸಬರಿಗೆ ಗುರಿ ಕಲಿಸಿದವನು ನಾನು. ನಿವೃತ್ತಿಯಾದ ಮೇಲೆ ಊರಿಗೆ ಬಂದು ಅದನ್ನೇ ಮಾಡುತ್ತಿದ್ದೇನೆ. ಈ ಹುಡುಗ ವಿರಾಜಪೇಟೆ ಕಡೆಯವನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಾರಕ್ಕೊಮ್ಮೆ ತೋಟಕ್ಕೆ ಬರುತ್ತಾನೆ. ಒಳ್ಳೆ ಎತ್ತರ, ಹಾಕಿ ಆಡಿದ ಮೈಕಟ್ಟು. ಯಾರದೋ ಹತ್ತಿರ ಹಳೆ .315 ತೆಗೆದುಕೊಂಡಿದ್ದ, ಕಾಗದಪತ್ರ ಎಲ್ಲ ಸರಿಯಾಗಿಯೇ ಇತ್ತು. ಆದರೆ 50 ಮೀಟರ್‌ನಲ್ಲಿ ಒಂದು ಗುಂಡೂ ಕಾಗದಕ್ಕೆ ಬೀಳುತ್ತಿರಲಿಲ್ಲ. ಎಲ್ಲವೂ ಕೆಳಗೆ, ಬಲಕ್ಕೆ, ಮಣ್ಣಿಗೆ. "ಗುರಿ ನೋಡುವ ಸೈಟ್ ಹಾಳಾಗಿದೆ ಸಾರ್, ನಳಿಕೆ ಸವೆದಿದೆ" ಎಂದು ಶುರು ಮಾಡಿದ.

ನಾನೇ ರೈಫಲ್ ತೆಗೆದುಕೊಂಡು ಮರಳಿನ ಚೀಲದ ಮೇಲಿಟ್ಟು ಮೂರು ಈಡು ಹೊಡೆದೆ. ಮೂರೂ ಒಂದು ಅಂಗೈ ಅಗಲದೊಳಗೆ ಕೂತವು. ಸೈಟಿಗೂ ನಳಿಕೆಗೂ ಏನೂ ಆಗಿರಲಿಲ್ಲ.

ಆಮೇಲೆ ಅವನನ್ನು ಅತ್ತ ತಿರುಗಿ ನಿಲ್ಲಲು ಹೇಳಿ ಮ್ಯಾಗಜಿನ್ ನಾನೇ ತುಂಬಿದೆ. ನಿಜವಾದ ತೋಟೆಗಳ ನಡುವೆ ಒಂದು ಡಮ್ಮಿ ಸೇರಿಸಿದೆ. ಡಮ್ಮಿ ಅಂದರೆ ಮದ್ದಿಲ್ಲದ, ಕೇಪಿಲ್ಲದ ತೋಟೆ. ಅದು ಎಷ್ಟನೆಯದು ಎಂದು ಅವನಿಗೆ ಹೇಳಲಿಲ್ಲ. ಮೊದಲ ಈಡು ಮಣ್ಣಿಗೆ ಹೋಯಿತು. ಬೋಲ್ಟ್ ಎಳೆದು ಮತ್ತೆ ಒತ್ತಿದ. ಎರಡನೆಯದೂ ಮಣ್ಣಿಗೆ. ಮೂರನೆಯದಕ್ಕೆ ಬೆರಳು ಒತ್ತಿದಾಗ ಟಿಕ್ ಎಂದಿತು, ಅಷ್ಟೇ. ಗುಂಡಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಆದರೂ ಅವನ ಭುಜ ಮುಂದಕ್ಕೆ ನುಗ್ಗಿತು, ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿದವು, ನಳಿಕೆಯ ತುದಿ ಒಂದು ಗೇಣು ಕೆಳಗೆ ಬಾಗಿತು. ಏನೂ ಹಾರದ ಕೋವಿ ಹಿಡಿದು ಅವನು ಒಬ್ಬನೇ ಬೆಚ್ಚಿಬಿದ್ದಿದ್ದ.

ಕಣ್ಣು ಬಿಟ್ಟು ತನ್ನ ಕೈಯನ್ನೇ ನೋಡಿಕೊಂಡ. ನಾನು ಏನೂ ಹೇಳಬೇಕಾಗಲಿಲ್ಲ.

ಇದಕ್ಕೆ ಫ್ಲಿಂಚ್ ಅನ್ನುತ್ತಾರೆ. ಹೆದರುಪುಕ್ಕಲುತನ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಮೈಗೆ ಬುದ್ಧಿ ಇದೆ. ಬೆರಳು ಕುದುರೆ, ಅಂದರೆ ಟ್ರಿಗರ್, ಎಳೆದರೆ ಭುಜಕ್ಕೆ ಪೆಟ್ಟು, ಕಿವಿಗೆ ಏಟು ಎಂದು ಅದು ಎರಡು ಮೂರು ಈಡಿನಲ್ಲೇ ಕಲಿತುಬಿಡುತ್ತದೆ. ಮುಂದಿನ ಸಲ ಪೆಟ್ಟು ಬೀಳುವ ಮೊದಲೇ ತಡೆಯಲು ಹೋಗುತ್ತದೆ. ಗುಂಡು ನಳಿಕೆ ಬಿಡುವಷ್ಟರಲ್ಲಿ ಗುರಿ ಎಲ್ಲೋ ಹೋಗಿರುತ್ತದೆ. ಒಮ್ಮೆ ಈ ಅಭ್ಯಾಸ ಮೈಗೆ ಹತ್ತಿದರೆ ಬಿಡಿಸಲು ತಿಂಗಳುಗಟ್ಟಲೆ ಬೇಕು. ಸೈನ್ಯಕ್ಕೆ ಬಂದ ಗಟ್ಟಿಮುಟ್ಟಾದ ಹುಡುಗರಲ್ಲೂ ಇದನ್ನು ನೋಡಿದ್ದೇನೆ.

ಅವನ ಕೈಗೆ .22 ಕೊಟ್ಟೆ. ನಳಿಕೆಯ ಮೇಲೆ, ಮುಂದಿನ ಸೈಟಿನ ಹಿಂದೆ, ಒಂದು ರೂಪಾಯಿ ನಾಣ್ಯ ಇಟ್ಟೆ. ಒಳಗೆ ಸ್ನ್ಯಾಪ್ ಕ್ಯಾಪ್, ಅಂದರೆ ಅಭ್ಯಾಸದ ಡಮ್ಮಿ ತೋಟೆ, ಹಾಕಿ, ನಾಣ್ಯ ಬೀಳದ ಹಾಗೆ ಕುದುರೆ ಒತ್ತು ಎಂದೆ. ಸ್ನ್ಯಾಪ್ ಕ್ಯಾಪ್ ಮರೆಯಬೇಡಿ. .22ರಲ್ಲಿ ಏನೂ ಹಾಕದೆ ಖಾಲಿ ಒತ್ತಿದರೆ ಪಿನ್ ಹೋಗಿ ನಳಿಕೆಯ ಅಂಚಿಗೆ ಬಡಿಯುತ್ತದೆ. ನಾಣ್ಯ ಬಿತ್ತು, ಮತ್ತೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಬೀಳುವುದು ನಿಂತಿತು. ಆಮೇಲೆ ನಿಜವಾದ ತೋಟೆ ಕೊಟ್ಟೆ, 25 ಮೀಟರ್‌ಗೆ. ಒಂದೊಂದೇ ತೂತು ಕಾಗದದ ಮಧ್ಯಕ್ಕೆ ಬರತೊಡಗಿತು.

ಅವನನ್ನು ಕರೆದುಕೊಂಡು ಹೋಗಲು ಅವನ ತಾಯಿ ಜೀಪಿನಲ್ಲಿ ಬಂದಿದ್ದರು. ಸುಮ್ನೆ ನಿಂತು ನೋಡುತ್ತಿದ್ದರು. "ನಾನೊಂದು ಹೊಡೆಯಲಾ?" ಎಂದು ಕೇಳಿದರು. ಮದುವೆಗೆ ಮೊದಲು ತವರಿನಲ್ಲಿ ಜೋಡುನಳಿಕೆ ಕೋವಿ ಒಮ್ಮೆ ಹಾರಿಸಿದ್ದರಂತೆ. ಭುಜ ನೀಲಿಗಟ್ಟಿತ್ತು, ಅವತ್ತಿನಿಂದ ಕೋವಿ ಮುಟ್ಟಿರಲಿಲ್ಲ. ಕಿವಿಗೆ ಮಫ್ ಹಾಕಿಸಿ, ಕೂರಿಸಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ ನಿಧಾನ ಒತ್ತಿ ಎಂದೆ. ಐದು ಈಡು ಹೊಡೆದರು. ಐದೂ ಒಂದು ಟೀ ಸಾಸರ್ ಒಳಗೆ! ಮಗ ಬಾಯಿ ಬಿಟ್ಟು ನೋಡುತ್ತಿದ್ದ.

ಈಗ ನೀವೇ ಯೋಚನೆ ಮಾಡಿ. ಆ ಮನೆಯಲ್ಲಿ ವಾರವಿಡೀ ಇರುವವರು ಯಾರು? ಮಗ ಬೆಂಗಳೂರಿನಲ್ಲಿ. ಮನೆಯಲ್ಲಿ ತಾಯಿ ಒಬ್ಬರೇ. ಮನೆಗೆಂದು ತಂದ ರೈಫಲ್ ಅವರ ಕೈಗೆ ಆಗಿಬರಬೇಕು, ಅಲ್ವಾ? .315 ಅವರಿಗೆ ಎತ್ತಲೂ ಇಷ್ಟವಿಲ್ಲ. .22 ಕೈಗೆ ಬಂದ ಮೇಲೆ ಕೆಳಗಿಡಲು ಇಷ್ಟವಿಲ್ಲ. ಅದಕ್ಕೇ ಹೇಳುವುದು, ಮೊದಲ ರೈಫಲ್ ಚಿಕ್ಕದಿರಲಿ.

ಇನ್ನೂ ಒಂದು ಲೆಕ್ಕ ಇದೆ. ಗುರಿ ಬರುವುದು ಹೊಡೆದು ಹೊಡೆದು. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಎಂದು ಬರೆದಿರುತ್ತದೆ. .315 ತೋಟೆ ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ಇದ್ದ ನಾಲ್ಕು ತೋಟೆಯನ್ನು ಹಬ್ಬಕ್ಕೆಂದು ಎತ್ತಿಡುತ್ತಾರೆ. ವರ್ಷಕ್ಕೆ ನಾಲ್ಕು ಈಡು ಹೊಡೆಯುವವನಿಗೆ ಗುರಿ ಎಲ್ಲಿಂದ ಬರಬೇಕು? ಏರ್ ರೈಫಲ್ ಆದರೆ ಇನ್ನೂ ಸುಲಭ. ಮನೆಯ ಹಿಂದೆ 10 ಮೀಟರ್ ಜಾಗ, ಎದುರಿಗೆ ಒಂದು ಮಣ್ಣಿನ ದಿಬ್ಬ ಇದ್ದರೆ ದಿನಾ ನೂರು ಪೆಲೆಟ್ ಹೊಡೆಯಬಹುದು. ಬೋರ್ .177 ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಆಟಿಕೆ ಎಂದು ಮೂಗು ಮುರಿಯಬೇಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ .177ರಲ್ಲಿ. ಆ ಸ್ಪರ್ಧೆಯ ಗುರಿ ಕಾಗದದ ನಟ್ಟನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅದಕ್ಕೆ 10 ಮೀಟರ್ ದೂರದಿಂದ ಹೊಡೆಯಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದರು, ಅದು .22. ಒಲಿಂಪಿಕ್ಸ್‌ಗೆ ಸಾಲುವ ಬೋರ್ ನಮ್ಮ ಹುಡುಗರಿಗೆ ಸಾಲದೇ?

ಇನ್ನು ಮನೆ ಕಾಯುವ ಮಾತು. ತೋಟದ ಮನೆ ಒಂಟಿಯಾಗಿರುತ್ತದೆ, ರಾತ್ರಿ ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುತ್ತದೆ. ನನಗೂ ಗೊತ್ತು. ಆದರೆ ನಿಮ್ಮ ಅಂಗಳದಾಚೆ ಏನಿದೆ? ಕಾಫಿ ಗಿಡ. ಗಿಡದಾಚೆ ತೋಟದ ಕೆಲಸದವರ ಲೈನ್ ಮನೆ, ಅಲ್ಲಿ ಮಲಗಿದ ಮಕ್ಕಳು. .22ರ ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. .315 ಅದಕ್ಕಿಂತ ಎಷ್ಟೋ ಆಚೆಗೆ. ಕತ್ತಲಲ್ಲಿ ಸದ್ದು ಕೇಳಿದ ಕಡೆಗೆ ಹೊಡೆದರೆ ಆ ಗುಂಡು ಎಲ್ಲಿ ನಿಲ್ಲುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಹಂದಿ ಎಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಅಂಗಳದ ನಾಲ್ಕು ಮೂಲೆಗೆ ಒಳ್ಳೆ ಲೈಟ್ ಹಾಕಿಸಿ. ಬಾಗಿಲು ಭದ್ರ ಮಾಡಿ. 112ಕ್ಕೆ ಫೋನ್ ಮಾಡಿ. ಮನೆಯವರೆಲ್ಲ ಒಂದೇ ಕೋಣೆ ಸೇರಿ. ಕೋವಿ ಅದೆಲ್ಲ ಆದ ಮೇಲೆ, ಆ ಕೋಣೆಯ ಬಾಗಿಲು ಮುರಿದು ಜೀವಕ್ಕೇ ಬಂದಾಗ. ಗೊನೆ ಕದಿಯಲು ಬಂದವನಿಗೆ, ಕಣದ ಕಾಫಿ ಚೀಲ ಹೊತ್ತು ಓಡುವವನಿಗೆ ಗುಂಡು ಹಾರಿಸುವ ಹಕ್ಕು ಕಾನೂನು ಯಾರಿಗೂ ಕೊಟ್ಟಿಲ್ಲ. ಆತ್ಮರಕ್ಷಣೆಗೂ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಕೆ ಇದ್ದರೆ ಕಾವಲಿಗೆ ಅದೇ ಸಾಕು, ಅದಕ್ಕೆಂದು ದೊಡ್ಡ ರೈಫಲ್ ತರಬೇಡಿ. ಅದರ ತೋಟೆಯ ಸಣ್ಣ ಚರೆ ಕೆಲವು ನೂರು ಮೀಟರ್‌ನಲ್ಲಿ ಬಿದ್ದುಹೋಗುತ್ತದೆ.

ಗಾಜಿನಾಚೆಯಿಂದ ಸಮಯ ಆಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯ ಜಮೀನಿನ, ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ವಿನಾಯಿತಿ ಇದೆ ಎಂದು ಕಾಗದ ಇಲ್ಲದೆ ಕೋವಿ ಹಿಡಿದು ಓಡಾಡಬೇಡಿ, ಜಿಲ್ಲಾಧಿಕಾರಿ ಕಚೇರಿಯ ಪತ್ರ ಮಾಡಿಸಿಕೊಳ್ಳಿ. ಬೇರೆ ಎಲ್ಲರಿಗೂ 21 ವರ್ಷ ತುಂಬಿರಬೇಕು, ಲೈಸೆನ್ಸ್ ಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ. ಎರಡೇ ಇರುವಾಗ ಒಂದು ಜಾಗವನ್ನು ಬಳಸದ ದೊಡ್ಡ ರೈಫಲ್‌ಗೆ ಕೊಟ್ಟು ಕೂರುವುದು ಯಾವ ಲೆಕ್ಕ?

ಕೊಳ್ಳುವ ಮೊದಲು ಕಣ್ಣು ಮುಚ್ಚಿ ಖಾಲಿ ರೈಫಲನ್ನು ಭುಜಕ್ಕೆ ತನ್ನಿ, ಆಮೇಲೆ ಕಣ್ಣು ಬಿಡಿ. ಸೈಟ್ ನೇರ ಕಣ್ಣಿಗೆ ಬಂದರೆ ಅದು ನಿಮ್ಮ ಅಳತೆಯದು. ಕತ್ತು ಚಾಚಬೇಕಾಗಿ ಬಂದರೆ ಅಲ್ಲ. ಹಾಗೆಯೇ ನಿಮ್ಮ ಬಲಗಣ್ಣು ಮುಂದೋ ಎಡಗಣ್ಣು ಮುಂದೋ ನೋಡಿಕೊಳ್ಳಿ. ಎರಡು ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಒಂದು ಕಂಬ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಕಣ್ಣು. ಬಲಗೈಯವರಿಗೆ ಎಡಗಣ್ಣು ಮುಂದಿರುವುದು ಅಪರೂಪವೇನಲ್ಲ. ಅಂಥವರು ಮೊದಲ ದಿನದಿಂದಲೇ ಎಡಭುಜದಲ್ಲಿ ಕಲಿತರೆ ಒಳ್ಳೆಯದು. ಚಿಕ್ಕ ರೈಫಲ್ ಆದರೆ ಅದೂ ಕಷ್ಟವಲ್ಲ.

ಮನೆಗೆ ತಂದ ಮೇಲೆ ಬೋಲ್ಟ್ ಬಿಚ್ಚಿ ಬೇರೆ ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ. ಮಕ್ಕಳಿಗೆ ಬೀಗದ ಕೈ ಎಲ್ಲಿದೆ ಎಂದು ಗೊತ್ತಾಗಬಾರದು. ಖಾಲಿ ಎಂದು ಗೊತ್ತಿದ್ದರೂ ನಳಿಕೆಯನ್ನು ಯಾರ ಕಡೆಗೂ ತಿರುಗಿಸಬಾರದು. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಕೋವಿ ಇಡಬೇಡಿ, ಚರ್ಮ ತೇವ ಹಿಡಿದು ನಳಿಕೆಗೆ ತುಕ್ಕು ಬರಿಸುತ್ತದೆ. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿ.

ಹಳೆಯದು ಕೊಳ್ಳುವವರು ಬೋಲ್ಟ್ ತೆಗೆದು ನಳಿಕೆಯನ್ನು ಬೆಳಕಿಗೆ ಹಿಡಿಯಿರಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ, ಹೊಳೆಯುತ್ತಾ ಕಾಣಬೇಕು. ಕಪ್ಪು ಗುಳಿ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಒಳ್ಳೆ .22 ಸಿಗುವವರೆಗೆ ಏರ್ ರೈಫಲ್‌ನಲ್ಲಿ ಹೊಡೆಯುತ್ತಿರಿ. ಹಬ್ಬದ ದಿನ ಮೈದಾನದಲ್ಲಿ ಸಿಗೋಣ. ನಮಸ್ಕಾರ.