ಕಂಪನಿಯ ಹಂಗು ಬಿಟ್ಟವರು, ಮನೆಯ ಹಂಗಿನಲ್ಲಿರುವವರು

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಕೆಲ್ಟಿಕ್ ಸಂಗೀತದವರ, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನಪದ ಸಂಗೀತದವರ, ಸಂಸಾರದ ಕಥೆ ನಮಗೇಕೆ ಎಂದು ಕೇಳುವವರು ಇಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ಸಾಹಿತ್ಯಗಳನ್ನು ನಿಮ್ಮಲ್ಲಿ ಹಲವರು ಬಾಲಪಾಠದ ದಿನಗಳಲ್ಲಿ ಹಾಡಿದ್ದೀರಿ. ಬ್ರಿಟಿಷರ ಬ್ಯಾಂಡುಗಳು ನುಡಿಸುತ್ತಿದ್ದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಕೂರಿಸಿದರು. ಆ ಮಟ್ಟುಗಳಲ್ಲಿ ಕೆಲವು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕುಣಿತದ ಮಟ್ಟುಗಳು. ಅಂದರೆ ಗೊತ್ತಿಲ್ಲದೆಯೇ ನೀವು ಈ ಸಂಗೀತವನ್ನು ಶಂಕರಾಭರಣವೆಂದು ಹಾಡಿದ್ದೀರಿ. ಈ ನಂಟನ್ನು ಇನ್ನೂ ಎಳೆಯುವ ಆಸೆ ನನಗಿಲ್ಲ. ಇವತ್ತಿನ ಮಾತು ಅಲ್ಲಿಯ ಮನೆಗಳ ಬಗ್ಗೆ.

ಧ್ವನಿಮುದ್ರಣ ಕಂಪನಿಯ ಒಪ್ಪಂದವಿಲ್ಲದೆ, ಮ್ಯಾನೇಜರ್ ಇಲ್ಲದೆ, ತನ್ನ ಕಾರ್ಯಕ್ರಮಗಳನ್ನು ತಾನೇ ಗೊತ್ತುಮಾಡಿಕೊಂಡು, ತನ್ನ ಸಿಡಿಯನ್ನು ತಾನೇ ಅಚ್ಚುಹಾಕಿಸಿ, ಕಛೇರಿ ಮುಗಿದ ಮೇಲೆ ಬಾಗಿಲ ಬಳಿ ಮೇಜು ಹಾಕಿ ಮಾರುವವನನ್ನು ಸ್ವತಂತ್ರ ಕಲಾವಿದ ಎನ್ನುತ್ತೇವೆ. ಆ ಸ್ವಾತಂತ್ರ್ಯವನ್ನು ಹೊಗಳುವವರು ಬಹಳ. ನಾನು ಕೇಳುವುದು ಒಂದೇ ಪ್ರಶ್ನೆ. ಕಂಪನಿ ಮಾಡಬೇಕಿದ್ದ ಕೆಲಸವನ್ನು ಈಗ ಮಾಡುತ್ತಿರುವವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಮನೆಯೊಳಗೇ ಸಿಗುತ್ತದೆ. ಗಂಡ, ಹೆಂಡತಿ, ಅತ್ತೆ, ಅಕ್ಕ, ಕೆಲವೊಮ್ಮೆ ಹತ್ತು ವರ್ಷದ ಮಗು.

ಈ ಸಂಗೀತಗಾರರ ವರ್ಷದ ಪಂಚಾಂಗವನ್ನು ಸ್ವಲ್ಪ ನೋಡೋಣ. ಜನವರಿಯಲ್ಲಿ ಗ್ಲಾಸ್ಗೋ ನಗರದಲ್ಲಿ 1994ರಿಂದ ನಡೆದುಬಂದಿರುವ ‘ಕೆಲ್ಟಿಕ್ ಕನೆಕ್ಷನ್ಸ್’ ಉತ್ಸವ. ಮಾರ್ಚ್ 17 ಸಂತ ಪ್ಯಾಟ್ರಿಕ್ ದಿನ. ಅದರ ಹಿಂದೆ ಮುಂದೆ ಎರಡು ವಾರ ಅಮೆರಿಕದಲ್ಲಿ ಪಿಟೀಲು ಹಿಡಿಯಬಲ್ಲವನಿಗೆ ಬಿಡುವಿರುವುದಿಲ್ಲ. ಜುಲೈ ಮೊದಲ ವಾರ ಐರ್ಲೆಂಡಿನ ಕ್ಲೇರ್ ಪ್ರಾಂತ್ಯದ ಮಿಲ್ಟೌನ್ ಮಾಲ್ಬೇ ಊರಿನಲ್ಲಿ ವಿಲ್ಲಿ ಕ್ಲಾನ್ಸಿ ಹೆಸರಿನ ಸಂಗೀತದ ಬೇಸಿಗೆ ಶಾಲೆ, 1973ರಿಂದ. ಆಗಸ್ಟಿನಲ್ಲಿ ಫ್ರಾನ್ಸಿನ ಬ್ರಿಟನಿ ಸೀಮೆಯ ಲೋರಿಯಾಂ ಉತ್ಸವ. ಅಕ್ಟೋಬರಿನಲ್ಲಿ ಕೆನಡಾದ ಕೇಪ್ ಬ್ರೆಟನ್ ದ್ವೀಪದ ‘ಕೆಲ್ಟಿಕ್ ಕಲರ್ಸ್’. ಡಿಸೆಂಬರ್ ತುಂಬ ಕ್ರಿಸ್ಮಸ್ ಪ್ರವಾಸಗಳು. ಹಬ್ಬ, ಶಾಲೆಯ ಬೇಸಿಗೆ ರಜೆ, ಅಂದರೆ ಬೇರೆಯವರು ಮನೆಗೆ ಬರುವ ದಿನಗಳಲ್ಲಿ ಇವರು ಮನೆ ಬಿಡುತ್ತಾರೆ. ನಮ್ಮ ಯಕ್ಷಗಾನ ಮೇಳದವರ ಮನೆಗಳಿಗೆ ಇದು ಹೊಸ ಸಂಗತಿಯಲ್ಲ. ಆದರೆ ಮೇಳಕ್ಕೆ ಯಜಮಾನನಾದರೂ ಇರುತ್ತಾನೆ, ತಿರುಗಾಟದ ಹೊಣೆ ಅವನದು. ಇಲ್ಲಿ ಕಲಾವಿದೆಯೇ ಯಜಮಾನಿ, ಕಲಾವಿದೆಯೇ ಚಾಲಕಿ, ಮಗುವಿನ ಜ್ವರಕ್ಕೆ ವೈದ್ಯರನ್ನು ಕಾಣಬೇಕಾದವಳೂ ಅವಳೇ.

ವಿಚಿತ್ರವೆಂದರೆ, ಈ ಸಂಗೀತ ಹುಟ್ಟಿದ್ದು ಸಭಾಂಗಣದಲ್ಲಿ ಅಲ್ಲ. ಅದು ಬೆಳೆದದ್ದು ಅಡುಗೆಮನೆಯಲ್ಲಿ. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ, ಒಲೆಯ ಬಿಸಿ ಇರುವ ಕೋಣೆ ಅದೇ. ಅಲ್ಲಿ ನೆರೆಯವರು ಸೇರುತ್ತಿದ್ದರು, ಮೂಲೆಯಲ್ಲಿ ಪಿಟೀಲೋ, ಕೈಯಲ್ಲಿ ಹಿಡಿದು ತಿದಿಯೊತ್ತಿ ನುಡಿಸುವ ಪುಟ್ಟ ಕಾನ್ಸರ್ಟೀನವೋ, ನಡುವೆ ಕುಣಿತ. ಮಗು ಅಲ್ಲಿಯೇ ನಿದ್ದೆಹೋಗುತ್ತಿತ್ತು, ಅಲ್ಲಿಯೇ ಮಟ್ಟು ಕಲಿಯುತ್ತಿತ್ತು. ಸಂಸಾರ ಒಂದು ಕಡೆ, ಸಂಗೀತ ಇನ್ನೊಂದು ಕಡೆ ಎಂಬ ತಕರಾರೇ ಏಳುವಂತಿರಲಿಲ್ಲ. 1935ರಲ್ಲಿ ಐರಿಷ್ ಸರ್ಕಾರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ ತಂದಿತು. ಕುಣಿತಕ್ಕೆ ಪರವಾನಗಿ ಬೇಕೆಂದಾಯಿತು. ಕಾಯ್ದೆಯ ಅಕ್ಷರ ಏನೇ ಇರಲಿ, ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯ ಕುಣಿತಗಳ ಮೇಲೆ ಬೀಸಿದರು. ಕುಣಿತ ಊರಿನ ಹಾಲ್‌ಗೆ ಹೋಯಿತು, ಟಿಕೆಟ್ ಬಂತು, ದೊಡ್ಡ ಸದ್ದಿನ ಬ್ಯಾಂಡ್ ಬೇಕಾಯಿತು. ಅಡುಗೆಮನೆಯ ಮೂಲೆಯಲ್ಲಿ ನುಡಿಸುತ್ತಿದ್ದ ಹೆಂಗಸು ಹಾಲ್‌ನ ವೇದಿಕೆ ಹತ್ತಲಿಲ್ಲ, ಹತ್ತಿದವರು ಬೆರಳೆಣಿಕೆ. ಮದುವೆಯಾದ ಹೆಣ್ಣು ಸರ್ಕಾರಿ ನೌಕರಿ ಬಿಡಲೇಬೇಕು ಎಂಬ ನಿಯಮ ಆ ದೇಶದಲ್ಲಿ 1973ರವರೆಗೂ ಇತ್ತೆಂಬುದನ್ನು ನೆನೆದರೆ, ರಾತ್ರಿ ಹನ್ನೊಂದಕ್ಕೆ ವಾದ್ಯದ ಪೆಟ್ಟಿಗೆ ಹಿಡಿದು ಮನೆಗೆ ಬರುವ ಗೃಹಿಣಿಯನ್ನು ಊರು ಹೇಗೆ ನೋಡುತ್ತಿತ್ತೆಂದು ಊಹಿಸಬಹುದು.

ಒಬ್ಬಾಕೆ ಮಾತ್ರ ಇದಕ್ಕೆ ಬಲು ಜಾಣ ದಾರಿ ಕಂಡುಕೊಂಡಿದ್ದಳು. ಕ್ಲೇರ್ ಪ್ರಾಂತ್ಯದ ಕಿಲ್ರಷ್ ಊರಿನ ಎಲಿಜಬೆತ್ ಕ್ರಾಟಿ, ಹುಟ್ಟಿದ್ದು 1885ರಲ್ಲಿ. ಇವತ್ತಿಗೂ ಎಲ್ಲರ ಬಾಯಲ್ಲಿ ಆಕೆ ‘ಮಿಸೆಸ್ ಕ್ರಾಟಿ’. ಗಂಡನೊಂದಿಗೆ ಪಬ್ ನಡೆಸುತ್ತಿದ್ದಳು. ಮನೆ, ಅಂಗಡಿ, ಸಂಗೀತ ಎಲ್ಲವೂ ಒಂದೇ ಸೂರಿನಡಿ. ಆಕೆ ಕಾನ್ಸರ್ಟೀನ ಹಿಡಿದು ಎಲ್ಲಿಗೂ ಹೋಗಬೇಕಿರಲಿಲ್ಲ, ನುಡಿಸುವವರೇ ಬರುತ್ತಿದ್ದರು. 1950ರ ದಶಕದಲ್ಲಿ ರೇಡಿಯೊದ ಸಂಚಾರಿ ಧ್ವನಿಮುದ್ರಣ ವಾಹನ ಹಳ್ಳಿಗಳನ್ನು ಸುತ್ತುತ್ತಿದ್ದಾಗ ಅದೂ ಬಂತು. ಆಕೆ ದೇಶಕ್ಕೆಲ್ಲ ಪರಿಚಿತಳಾದಾಗ ವಯಸ್ಸು ಎಪ್ಪತ್ತರ ಆಸುಪಾಸು. ಎಲ್ಲರಿಗೂ ಪಬ್ ಇರುವುದಿಲ್ಲ ನಿಜ. ಆದರೆ ಕೇಳುಗರನ್ನು ತನ್ನ ಹೊಸ್ತಿಲಿಗೆ ಕರೆಸಿಕೊಳ್ಳುವ ಈ ಯುಕ್ತಿಯನ್ನು ಇಂದಿನ ಸ್ವತಂತ್ರ ಕಲಾವಿದರು ಮರಳಿ ಹಿಡಿದಿದ್ದಾರೆ. ಮನೆಯಲ್ಲೇ ನಡೆಸುವ ಸಂಗೀತ ಕಛೇರಿಗಳು, ಮನೆಯಿಂದಲೇ ಅಂತರ್ಜಾಲದ ಪಾಠಗಳು ಆ ಕುಲದವೇ.

ಇನ್ನೊಂದು ದಾರಿ ಬಡ್ಡಿ ಮ್ಯಾಕ್‌ಮಾಸ್ಟರ್ ಅವರದು. ನನಗೆ ಇವರ ಮೇಲೆ ವಿಶೇಷ ಅಕ್ಕರೆ, ಅದನ್ನು ಮುಚ್ಚಿಡುವುದಿಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ಹೊರಟವರು ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪ್ ಬ್ರೆಟನ್‌ನಲ್ಲಿ ನೆಲೆಸಿದರು. ಬಡ್ಡಿ ಆ ವಂಶದವರು. 1924ರಲ್ಲಿ ಜನನ, ಜೂಡಿಕ್ ಎಂಬ ಹಳ್ಳಿಯಲ್ಲಿ ಬೆಳೆದದ್ದು. ಕೆನಡಾದ ರೈಲ್ವೆಯಲ್ಲಿ ಸ್ಟೇಷನ್ ಏಜೆಂಟ್ ಮತ್ತು ತಂತಿ ಸಂದೇಶದ ಕೆಲಸ. ಹಗಲು ರೈಲು, ರಾತ್ರಿ ಊರೂರಿನ ಕುಣಿತಗಳಲ್ಲಿ ಪಿಟೀಲು. ದ್ವೀಪದ ಅತಿ ಶ್ರೇಷ್ಠ ಪಿಟೀಲುಗಾರರಲ್ಲಿ ಒಬ್ಬರೆಂದು ಹೆಸರಾದ ಈ ಮನುಷ್ಯ ತನ್ನ ಮೊದಲ ಸ್ವಂತ ಆಲ್ಬಂ ಹೊರತಂದದ್ದು 1989ರಲ್ಲಿ, ನಿವೃತ್ತರಾದ ಮೇಲೆ, ಅರವತ್ತೈದರ ಹರೆಯದಲ್ಲಿ. ಆಮೇಲೆ ದೇಶವಿದೇಶ ಸುತ್ತಿದರು. 2014ರಲ್ಲಿ ತೀರಿಕೊಂಡರು. ಈಗಿನ ಸಲಹೆಗಾರರು ಇದನ್ನು ಕೇಳಿದರೆ ‘ನಲವತ್ತು ವರ್ಷ ವ್ಯರ್ಥವಾಯಿತಲ್ಲ’ ಎಂದಾರು. ನನಗೆ ಹಾಗೆ ಕಾಣುವುದಿಲ್ಲ. ಸಂಬಳ ಸಂಸಾರವನ್ನು ಸಾಕಿತು. ಅದರಿಂದಾಗಿ ಪಿಟೀಲು ಯಾರಿಗೂ ಸಲಾಮು ಹೊಡೆಯಬೇಕಾಗಲಿಲ್ಲ. ಬಡ್ಡಿಯವರ ಬಿಲ್ಲಿನ ಓಟದಲ್ಲಿ ಅವಸರವೇ ಇಲ್ಲದ ಒಂದು ಗತ್ತು ಇದೆ. ಮಾರುಕಟ್ಟೆಗೆ ನುಡಿಸಿ ಗೊತ್ತಿಲ್ಲದವರ ಗತ್ತು ಅದು ಎಂದು ನಾನು ನಂಬಿದ್ದೇನೆ. ನೀವು ಒಪ್ಪದಿರಬಹುದು.

ನೌಕರಿ ಬಿಟ್ಟವರ ಕಥೆಯೂ ಇದೆ. ಡಬ್ಲಿನ್ನಿನ ‘ಚೀಫ್ಟನ್ಸ್’ ತಂಡ 1962ರಲ್ಲಿ ಹುಟ್ಟಿತು, ಆದರೆ ಹದಿಮೂರು ವರ್ಷ ಅವರೆಲ್ಲ ಅರೆಕಾಲಿಕರು. 1975ರ ಸಂತ ಪ್ಯಾಟ್ರಿಕ್ ದಿನ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ತುಂಬಿಸಿದ ಮೇಲೆ ಪೂರ್ಣಾವಧಿ ವೃತ್ತಿಗೆ ಇಳಿದರು. ನಾಲ್ಕು ವರ್ಷದಲ್ಲಿ, 1979ರಲ್ಲಿ, ಇಬ್ಬರು ಸ್ಥಾಪಕ ಸದಸ್ಯರು ಹೊರಬಂದರು. ವಿಸಲ್ ಎಂಬ ತಗಡಿನ ಪುಟ್ಟ ಕೊಳಲು ನುಡಿಸುತ್ತಿದ್ದ ಶಾನ್ ಪಾಟ್ಸ್ ಒಬ್ಬರು, ಕೊಳಲಿನ ಮೈಕೆಲ್ ಟ್ಯುಬ್ರಿಡಿ ಇನ್ನೊಬ್ಬರು. ಟ್ಯುಬ್ರಿಡಿ ವೃತ್ತಿಯಿಂದ ಎಂಜಿನಿಯರ್. ಜಗತ್ಪ್ರಸಿದ್ಧಿ ಬಾಗಿಲು ತಟ್ಟುತ್ತಿದ್ದಾಗ ಇಳಿದುಬಂದ ಅವರು ನುಡಿಸುವುದನ್ನೇನೂ ನಿಲ್ಲಿಸಲಿಲ್ಲ. ಐರಿಷ್ ಕುಣಿತದ ಹೆಜ್ಜೆಗಳನ್ನು ಕೂಡಿಸಿ ಬರೆದಿಡುವ ಕೆಲಸವನ್ನೂ ಮಾಡಿದರು. ತಂಡದ ಇತಿಹಾಸದಲ್ಲಿ ಇಂಥವರು ‘ಬಿಟ್ಟುಹೋದವರು’. ಪರಂಪರೆಯ ಲೆಕ್ಕದಲ್ಲಿ ಅವರು ಎಲ್ಲಿಗೂ ಹೋಗಲೇ ಇಲ್ಲ.

ಬಡ್ಡಿಯವರ ತಮ್ಮನ ಮಗಳು ನಟಾಲಿ ಮ್ಯಾಕ್‌ಮಾಸ್ಟರ್. ಆಕೆಯೂ ಪಿಟೀಲುಗಾತಿ, ಜೊತೆಗೆ ಹೆಜ್ಜೆ ಕುಣಿತ. 2002ರಲ್ಲಿ ಪಿಟೀಲುಗಾರ ಡಾನೆಲ್ ಲೇಹಿ ಅವರೊಂದಿಗೆ ಮದುವೆ. ಡಾನೆಲ್ ಹನ್ನೊಂದು ಮಂದಿ ಅಣ್ಣತಮ್ಮ, ಅಕ್ಕತಂಗಿಯರ ನಡುವೆ, ಎಲ್ಲರೂ ನುಡಿಸುವ, ಕುಣಿಯುವ ಮನೆಯಲ್ಲಿ ಬೆಳೆದವರು. ಈ ದಂಪತಿಗೆ ಏಳು ಮಕ್ಕಳು. ಒಂಟಾರಿಯೊದ ಹಳ್ಳಿಗಾಡಿನಲ್ಲಿ ವಾಸ. ಮಕ್ಕಳಿಗೆ ಮನೆಯಲ್ಲೇ ಪಾಠ, ಯಾಕೆಂದರೆ ಪ್ರವಾಸದಲ್ಲಿ ಮಕ್ಕಳೂ ಇರುತ್ತಾರೆ, ವೇದಿಕೆಗೂ ಬರುತ್ತಾರೆ. ಅಡುಗೆಮನೆಯನ್ನೇ ಬಸ್ಸಿಗೆ ಹತ್ತಿಸಿ ಊರೂರಿಗೆ ಒಯ್ದ ಹಾಗೆ.

ಇದನ್ನು ನೋಡಿ ಪ್ರೇಕ್ಷಕರು ಕರಗಿಹೋಗುತ್ತಾರೆ. ಕರಗುವಂತೆಯೇ ಇದೆ, ಮಕ್ಕಳ ಕೈಯಲ್ಲಿ ನಿಜವಾದ ವಿದ್ಯೆ ಇದೆ. ಆದರೂ ಕುಟುಂಬ ಕಛೇರಿಗಳನ್ನು ನೋಡುವಾಗಲೆಲ್ಲ ನನ್ನೊಳಗೆ ಒಂದು ಚಿಕ್ಕ ಅನುಮಾನ ಏಳುತ್ತದೆ. ಇದು ಈ ಕುಟುಂಬದ ಮೇಲಿನ ಅನುಮಾನವಲ್ಲ, ನಮ್ಮ ಚಪ್ಪಾಳೆಯ ಮೇಲಿನದು. ಏಳರಲ್ಲಿ ಒಂದು ಮಗು ‘ನನಗೆ ಪಿಟೀಲು ಬೇಡ, ಫುಟ್‌ಬಾಲ್ ಸಾಕು’ ಎಂದರೆ ಆ ಮನೆಗೆ ಏನೂ ಆಗುವುದಿಲ್ಲ. ಆದರೆ ಟಿಕೆಟ್ ಕೊಂಡ ನಮಗೆ ಬೇಸರವಾಗುತ್ತದೆ. ಸಂಸಾರವೇ ಪ್ರದರ್ಶನವಾದಾಗ ಸಂಸಾರದ ಮೇಲೆ ಪ್ರೇಕ್ಷಕನಿಗೂ ಒಂದು ಹಕ್ಕು ಹುಟ್ಟಿಬಿಡುತ್ತದೆ. ಅದು ಒಳ್ಳೆಯ ಹಕ್ಕಲ್ಲ.

ಈ ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯದವರೆಗೆ ಒಯ್ದವರು ಲೊರೀನಾ ಮೆಕೆನಿಟ್. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಮಾರ್ಡನ್ ಎಂಬ ಸಣ್ಣ ಊರಿನವರು, ಹಾರ್ಪ್ ಎಂಬ ತಂತಿವಾದ್ಯ ಮತ್ತು ಹಾಡುಗಾರಿಕೆ. ಟೊರಾಂಟೊದ ಸೇಂಟ್ ಲಾರೆನ್ಸ್ ಮಾರುಕಟ್ಟೆಯಲ್ಲಿ ಬೀದಿಗೆ ನಿಂತು ಹಾಡಿದವರು. 1985ರಲ್ಲಿ ‘ಕ್ವಿನ್ಲನ್ ರೋಡ್’ ಎಂಬ ಸ್ವಂತ ಸಂಸ್ಥೆ ಕಟ್ಟಿ ತಮ್ಮ ಮೊದಲ ಆಲ್ಬಂ ತಾವೇ ಹೊರತಂದರು. ಮುಂದೆ ದೊಡ್ಡ ಕಂಪನಿಗೆ ವಿತರಣೆಯ ಕೆಲಸ ಕೊಟ್ಟರೂ ಸಂಗೀತದ ಒಡೆತನ ಬಿಟ್ಟುಕೊಡಲಿಲ್ಲ. ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಸ್ವತಂತ್ರ ಕಲಾವಿದರಿಗೆ ಉದಾಹರಣೆ ಹುಡುಕುವಾಗ ಎಲ್ಲರೂ ಇಲ್ಲಿಗೆ ಬಂದು ನಿಲ್ಲುತ್ತಾರೆ.

1998ರ ಬೇಸಿಗೆಯಲ್ಲಿ, ಖ್ಯಾತಿಯ ತುದಿಯಲ್ಲಿದ್ದಾಗ, ಅವರು ಮದುವೆಯಾಗಲಿದ್ದ ರೊನಾಲ್ಡ್ ರೀಸ್, ರೀಸರ ಸಹೋದರ ಮತ್ತು ಒಬ್ಬ ಗೆಳೆಯ ಕೆನಡಾದ ಜಾರ್ಜಿಯನ್ ಕೊಲ್ಲಿಯಲ್ಲಿ ದೋಣಿ ದುರಂತಕ್ಕೆ ಸಿಕ್ಕಿ ಮುಳುಗಿ ತೀರಿಕೊಂಡರು. ಲೊರೀನಾ ಜಲಸುರಕ್ಷತೆಗಾಗಿ ಒಂದು ನಿಧಿ ಸ್ಥಾಪಿಸಿದರು, ಒಂದು ಕಛೇರಿ ಆಲ್ಬಮ್ಮಿನ ಆದಾಯವನ್ನು ಅದಕ್ಕೇ ಕೊಟ್ಟರು, ಆಮೇಲೆ ಹಿಂದೆ ಸರಿದರು. ಮುಂದಿನ ಹೊಸ ಸ್ಟುಡಿಯೊ ಆಲ್ಬಂ ಬಂದದ್ದು 2006ರಲ್ಲಿ. ನಡುವಿನ ವರ್ಷಗಳಲ್ಲಿ ತಾವು ನೆಲೆಸಿದ ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲಿ ಮುಚ್ಚಿದ ಒಂದು ಹಳೆಯ ಶಾಲಾ ಕಟ್ಟಡವನ್ನು ಕೊಂಡು ಮಕ್ಕಳ ಮತ್ತು ಕುಟುಂಬಗಳ ಕೇಂದ್ರವಾಗಿಸಿದರು. ಇಷ್ಟು ದೀರ್ಘ ಮೌನಕ್ಕೆ ಅವರು ಯಾವ ಕಂಪನಿಯ ಅನುಮತಿಯನ್ನೂ ಕೇಳಬೇಕಿರಲಿಲ್ಲ. ಸ್ವಂತ ಸಂಸ್ಥೆಯಿಂದ ದೊರೆತ ಲಾಭ ಯಾವುದು ಎಂದರೆ ನಾನು ಮಾರಾಟದ ಅಂಕಿಯನ್ನು ಹೇಳುವುದಿಲ್ಲ, ಈ ಬಿಡುವನ್ನು ಹೇಳುತ್ತೇನೆ.

ಅದೇ ಹೊತ್ತಿಗೆ ಒಬ್ಬ ಹಳೆಯ ಪರಿಚಿತರು ಅವರ ಖಾಸಗಿ ಬದುಕಿನ ಬಗ್ಗೆ ಪುಸ್ತಕ ಬರೆದರು. ಮನೆಯ ಮಾತು, ಆರೋಗ್ಯ, ಆ ಸಾವಿನ ದುಃಖ ಎಲ್ಲವೂ ಅದರಲ್ಲಿ. ಲೊರೀನಾ ಇಂಗ್ಲೆಂಡಿನಲ್ಲಿ ಮೊಕದ್ದಮೆ ಹೂಡಿ ಗೆದ್ದರು. 2006ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು. ಖಾಸಗಿತನದ ಕಾನೂನು ಓದುವವರು ಇಂದಿಗೂ ಆ ತೀರ್ಪನ್ನು ಓದುತ್ತಾರೆ. ಪ್ರಸಿದ್ಧರು ತಮ್ಮ ಬದುಕಿನ ಒಂದಷ್ಟನ್ನು ತಾವಾಗಿ ಹೇಳಿಕೊಂಡ ಮಾತ್ರಕ್ಕೆ ಉಳಿದದ್ದೆಲ್ಲ ಸಾರ್ವಜನಿಕರ ಸೊತ್ತಾಗುವುದಿಲ್ಲ ಎಂಬುದು ಅದರ ಒಂದು ಮುಖ್ಯ ಎಳೆ.

ಇದು ದೊಡ್ಡವರ ಮಾತಾಯಿತು ಎನ್ನಬೇಡಿ. ಇವತ್ತು ಮೊಬೈಲಿನಲ್ಲಿ ತನ್ನ ಮುಂದಿನ ಕಛೇರಿಯ ಸುದ್ದಿ ಹಾಕುವ ಸಣ್ಣ ಕಲಾವಿದೆಗೆ ಗೊತ್ತು, ಬರಿಯ ಕರಪತ್ರವನ್ನು ಯಾರೂ ನೋಡುವುದಿಲ್ಲ. ಮಗು ತೊಡೆಯ ಮೇಲೆ, ಹಾರ್ಪ್ ಕೈಯಲ್ಲಿ, ಹಿಂದೆ ಒಣಹಾಕಿದ ಬಟ್ಟೆ ಕಾಣುವ ವಿಡಿಯೊ ಹಾಕಿದರೆ ಸಾವಿರ ಮಂದಿ ನೋಡುತ್ತಾರೆ. ಸಮಯ ಹಂಚಿಕೊಳ್ಳುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಮನೆಯ ಎಷ್ಟು ಭಾಗವನ್ನು ಮಾರಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬುದು ಅದಕ್ಕಿಂತ ಕಠಿಣ, ಯಾಕೆಂದರೆ ಕಳೆದ ಸಂಜೆಯನ್ನು ಮುಂದಿನ ವಾರ ಮಗುವಿಗೆ ಮರಳಿಸಬಹುದು, ಹಂಚಿದ ವಿಡಿಯೊವನ್ನು ಮರಳಿ ಪಡೆಯಲಾಗುವುದಿಲ್ಲ.

ಕೊನೆಯದಾಗಿ ಸರ್ಕಾರದ ಹಂಗು. ಐರ್ಲೆಂಡ್ 2022ರಲ್ಲಿ ಕಲಾವಿದರಿಗೆ ಮೂಲ ಆದಾಯ ಕೊಡುವ ಪ್ರಯೋಗ ಶುರುಮಾಡಿತು. ಎರಡು ಸಾವಿರ ಮಂದಿಗೆ ವಾರಕ್ಕೆ 325 ಯೂರೊ, ಮೂರು ವರ್ಷದ ಅವಧಿಗೆ. ಕೃತಿ ಒಪ್ಪಿಸಬೇಕಿಲ್ಲ, ಕಾರ್ಯಕ್ರಮದ ಲೆಕ್ಕ ಕೊಡಬೇಕಿಲ್ಲ. ಅರ್ಹರು ಎಂಟು ಸಾವಿರಕ್ಕಿಂತ ಹೆಚ್ಚು ಇದ್ದುದರಿಂದ ಚೀಟಿ ಎತ್ತಿದಂತೆ ಆರಿಸಿದರು. ಹಣ ಸಿಗದ ಇನ್ನೊಂದು ಸಾವಿರ ಮಂದಿಯನ್ನು ಹೋಲಿಕೆಗಾಗಿ ಗಮನಿಸುತ್ತಿದ್ದರು. ಹಣ ಸಿಕ್ಕವರು ಕಲೆಗೆ ಹೆಚ್ಚು ಗಂಟೆ ಕೊಟ್ಟರು, ಅವರ ಆತಂಕ ತಗ್ಗಿತು ಎಂದು ವರದಿಗಳು ಹೇಳಿವೆ. ಒಂದು ರೈಲ್ವೆ ಸಂಬಳ ಬಡ್ಡಿಯವರಿಗೆ ಏನು ಮಾಡಿತ್ತೋ ಅದನ್ನು ರೈಲು ಕಾಯುವ ಕೆಲಸವಿಲ್ಲದೆ ಸರ್ಕಾರ ಮಾಡಿಕೊಟ್ಟಿತು. ಈ ಯೋಜನೆ ಒಳ್ಳೆಯದು, ಮುಂದುವರಿಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಒಂದು ತಕರಾರು ಮಾತ್ರ ಉಳಿದಿದೆ. ಆ ಅರ್ಜಿ ಕಲಾವಿದನ ಹೆಸರಿನಲ್ಲಿ. ಕಾರ್ಯಕ್ರಮದ ದಿನಾಂಕ ಬರೆದಿಡುವವಳು, ಸಂಘಟಕರಿಗೆ ಬಾಕಿ ಹಣಕ್ಕಾಗಿ ನಾಲ್ಕನೆಯ ಪತ್ರ ಬರೆಯುವವಳು, ಅವನು ಊರಲ್ಲಿಲ್ಲದ ಹತ್ತು ರಾತ್ರಿ ಮಕ್ಕಳನ್ನು ಮಲಗಿಸುವವಳು ಕಲಾವಿದೆಯಲ್ಲದಿದ್ದರೆ ಅವಳಿಗೆ ಅಲ್ಲಿ ಜಾಗವಿಲ್ಲ. ಸಿಡಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮನೆಯವರಿಗೆ ಕೃತಜ್ಞತೆ’ ಎಂದಿರುತ್ತದೆ, ಅಷ್ಟೇ. ಅವಳ ಕೂಲಿಯನ್ನು ಯಾರು, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದನ್ನು ಇಲ್ಲಿರುವ ಸಂಗೀತ ಕುಟುಂಬಗಳವರು ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಮೈಕನ್ನು ಆ ಕಡೆ ಕೊಡುತ್ತೇನೆ.